ಕೊನೆಯ ಮನೆಗೆ ಎಷ್ಟು ಅಂಕ

ತೀರಿಕೊಂಡವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕೆಂಬ ರೂಢಿಯಿದೆ. ಅದನ್ನು ಪಾಲಿಸಿದರೆ ನಮ್ಮ ಸರ್ ಬಗ್ಗೆ ಅರ್ಧ ಪುಟ ತುಂಬಿಸುವುದೂ ಕಷ್ಟ. ಮೂಗಿನ ತುದಿಯಲ್ಲೇ ಸಿಟ್ಟು. ಚಹಾಕ್ಕೆ ಸಕ್ಕರೆ ಕಡಿಮೆಯಾದರೆ ಲೋಟವನ್ನು ಹಾಗೇ ಹಿಂದಕ್ಕೆ ಕಳಿಸುವ ಚಟ. ಹಾಡು ರಂಗೇರುತ್ತಿರುವಾಗಲೇ ಬಲಗೈ ಎತ್ತಿ ಎಲ್ಲವನ್ನೂ ನಿಲ್ಲಿಸಿಬಿಡುವ ಇನ್ನೊಂದು ಚಟ. ಇಷ್ಟು ವರ್ಷ ಅವರ ಕೀಬೋರ್ಡಿಗೆ ಹಾಡಿದ ನನಗೆ ಒಂದು ಸಲವೂ ‘ಛಲೋ ಹಾಡಿದ್ರಿ’ ಎಂದವರಲ್ಲ. ಬಹಳ ಖುಷಿಯಾದರೆ ‘ನಡೀತದ ಬಾಯಿ’ ಅನ್ನುತ್ತಿದ್ದರು. ಬಾಯಿ ಎಂದರೆ ನಮ್ಮ ಕಡೆ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಮಾತು. ಆ ಮಾತು ಬಿದ್ದ ದಿನ ನಾನು ಬೀದರಕ್ಕೆ ಮರಳುವ ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಕೂತಿರುತ್ತಿದ್ದೆ.

ಅವರು ಭಾಲ್ಕಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರು. ನಾನು ಬೀದರದ ಒಂದು ಕಚೇರಿಯಲ್ಲಿ ಗುಮಾಸ್ತೆ. ನಮ್ಮನ್ನು ಒಂದೇ ಜಮಖಾನೆಯ ಮೇಲೆ ಕೂಡಿಸಿದ್ದು ಏಪ್ರಿಲ್ ತಿಂಗಳ ಜಯಂತಿ. ನಮ್ಮ ಕಡೆ ಬಡಾವಣೆ ಬಡಾವಣೆಗೆ ನೀಲಿ ಧ್ವಜ ಏರುವ ಆ ದಿನಗಳಲ್ಲಿ ಬುದ್ಧವಿಹಾರದ ಮುಂದೆ ಹಾಡಿನ ಕಾರ್ಯಕ್ರಮ ಇರಲೇಬೇಕು. ಹಾಗೆ ಹಾಡುವ ಪಾರ್ಟಿಗಳು ಹಲವು. ನಮ್ಮದೂ ಒಂದು. ಢೋಲಕ್ ಒಬ್ಬರು, ಹಾಡುವವರು ನಾಲ್ಕೈದು ಮಂದಿ, ಕೀಬೋರ್ಡಿಗೆ ಸರ್. ಬೀದರದ ಹಳೆಯ ಊರಿನ ಒಬ್ಬ ಭಾಯಿಯದು ಸೌಂಡು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಉಗುರಿನ ಸಂದಿಗೆ ಅಂಟಿದ ಬಣ್ಣದಲ್ಲಿ, ಪರೀಕ್ಷೆಯ ಮೇಲ್ವಿಚಾರಣೆಗೆ ಬಂದವರ ಹಾಗೆ ಸರ್ ಕೂತಿರುತ್ತಿದ್ದರು.

ನಾನು ಸೇರಿದ ಹೊಸತರಲ್ಲಿ ಭಾಲ್ಕಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಹಾಡುತ್ತಿದ್ದೆವು. ಪಲ್ಲವಿ ಮುಗಿದು ಸರ್ ಎರಡೂ ಕೈಯಿಂದ ಪಿಯಾನೋ ಒತ್ತಿದ್ದೇ ತಡ, ಹರಿದ ತಗಡಿನ ಮೇಲೆ ಬಡಿದ ಹಾಗೆ ಝರ್ ಎಂದಿತು. ಬಲಗೈ ಮೇಲೆದ್ದಿತು. ಹಾಡು ನಿಂತಿತು. ಸರ್ ವೇದಿಕೆ ಇಳಿದು ನೇರ ಭಾಯಿಯ ಮಿಕ್ಸರಿನ ಹತ್ತಿರ ಹೋದರು. ಅದರಲ್ಲಿ ದನಿ ಮಿತಿ ಮೀರಿದರೆ ಹತ್ತುವ ಕೆಂಪು ದೀಪ ಆರದೆ ಉರಿಯುತ್ತಿತ್ತು. ಭಾಯಿ ಕೀಬೋರ್ಡಿನ ವೈರನ್ನು ಮೈಕಿನ ಜಾಗಕ್ಕೆ ಚುಚ್ಚಿದ್ದ, ಮೇಲಾಗಿ ಗುಂಡಿಯನ್ನು ಕೊನೆಯವರೆಗೆ ತಿರುವಿದ್ದ.

“ಮಾಸ್ಟರ್ ಸಾಬ್, ಪಬ್ಲಿಕ್‌ಗಿ ಜೋರ್ ಬೇಕಲ್ರಿ,” ಎಂದ ಭಾಯಿ.

“ಜೋರ್ ಬ್ಯಾರೆ, ಒಡದ ಆವಾಜ್ ಬ್ಯಾರೆ. ಕೊಡ ಕಂಠಮಟ ತುಂಬಿದ್ರ ಹೆಜ್ಜಿ ಇಡೂದ್ರಾಗ ತುಳಕ್ತದೋ ಇಲ್ಲೋ? ನಾಕ ಬೆರಳ ಜಾಗ ಬಿಡ್ರಿ. ಪಿಯಾನೋದ ಮೊದಲ ಏಟ ಆ ಜಾಗದಾಗ ಕೂಡ್ತದ.”

ಅದು ಅವರ ಮೂಲಮಂತ್ರ. ಹಾರ್ಮೋನಿಯಂ ಒಂದೇ ಸಮನೆ ಉಸಿರು ಬಿಡುತ್ತದೆ, ಪಿಯಾನೋ ಹಾಗಲ್ಲ, ಅದರ ಮೊದಲ ಏಟೇ ದೊಡ್ಡದು, ಆಮೇಲೆಲ್ಲ ಸಣ್ಣದಾಗುತ್ತ ಹೋಗುತ್ತದೆ ಎಂದು ಸಿಕ್ಕವರಿಗೆಲ್ಲ ಪಾಠ ಮಾಡುತ್ತಿದ್ದರು. ವೇದಿಕೆಗೆ ಮರಳಿ ಬಂದು ಕೀಬೋರ್ಡಿನ ವಾಲ್ಯೂಮನ್ನು ಇಷ್ಟಿಷ್ಟೇ ಇಳಿಸಿ, ಬಲವಾಗಿ ಒತ್ತಿ ನೋಡಿ, ಒಂದು ಕಡೆ ನಿಲ್ಲಿಸಿದರು. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮ ಬ್ಯಾಗಿನ್ಯಾಗ ಉಗುರ ಬಣ್ಣ ಅದೇನ್ರಿ?” ಎಂದರು. ಪರಿಚಯವಾದ ಹೊಸತರಲ್ಲೇ ಗಂಡಸೊಬ್ಬರು ಕೇಳುವ ಪ್ರಶ್ನೆಯೇ ಇದು? ಕೊಟ್ಟೆ. ಕೀಬೋರ್ಡಿನ ಗುಂಡಿಯ ಪಕ್ಕದಲ್ಲಿ, ಇದಕ್ಕಿಂತ ಏರಿಸಬಾರದೆಂಬ ಗುರುತಿಗೆ, ಒಂದು ಕೆಂಪು ಚುಕ್ಕೆ ಇಟ್ಟರು. ಪೇಂಟು ಬೆವರಿಗೆ ಹೋಗುತ್ತದೆ, ಉಗುರು ಬಣ್ಣ ಹೋಗುವುದಿಲ್ಲವಂತೆ. ಶೀಶೆ ಮಾತ್ರ ವಾಪಸ್ ಬರಲಿಲ್ಲ.

ಕಾಲಲ್ಲಿ ಒತ್ತುವ ಪೆಡಲನ್ನಂತೂ ಅವರು ತಮ್ಮ ಚೀಲದಲ್ಲಿ ಬಚ್ಚಿಡುತ್ತಿದ್ದರು. ಅದನ್ನು ಒತ್ತಿ ಹಿಡಿದರೆ ಹಿಂದಿನ ಸ್ವರ ಹೋಗುವ ಮೊದಲೇ ಮುಂದಿನದು ಬಂದು ಮೇಲೆ ಕೂರುತ್ತದೆ, ಎಲ್ಲ ಸೇರಿ ಒಡೆಯುತ್ತದೆ ಎಂಬುದು ಅವರ ತಕರಾರು. ಬೇರೆ ಪಾರ್ಟಿಯ ಹುಡುಗರು ಅಬ್ಬರದಿಂದ ಬಾರಿಸುವುದನ್ನು ಕಂಡರೆ, “ಹತ್ತ ಬೆರಳ ಅದಾವಂತ ಹತ್ತೂ ಒತ್ತಬೇಕಂತ ಎಲ್ಲಿ ಬರ್ದಾರ?” ಎಂದು ಅವರಿಗೆ ಕೇಳಿಸುವಂತೆಯೇ ಅನ್ನುತ್ತಿದ್ದರು. ಹೀಗಾಗಿ ಬೇರೆ ಪಾರ್ಟಿಗಳಲ್ಲಿ ಅವರಿಗೆ ಗೆಳೆಯರಿರಲಿಲ್ಲ. ನಮ್ಮ ಪಾರ್ಟಿಯಲ್ಲಿ ಇದ್ದರೆಂದೂ ಖಚಿತವಾಗಿ ಹೇಳಲಾರೆ.

ಆಮೇಲೆ ಒಂದರ ಹಿಂದೆ ಒಂದು ಬರದ ವರ್ಷಗಳು ಬಂದವು. ಮಾಂಜ್ರಾದಲ್ಲಿ ಹೊಂಡಗಳಷ್ಟೇ ಉಳಿದವು. ಭಾಲ್ಕಿಯ ಓಣಿಗಳಲ್ಲಿ ಟ್ಯಾಂಕರ್ ಬರುವ ಹೊತ್ತಿಗೆ ಕೊಡಗಳ ಸಾಲು. ಔರಾದ ಕಡೆಯ ಹಳ್ಳಿಗಳಲ್ಲಿ ದೀಪಾವಳಿ ಮುಗಿದದ್ದೇ ಮನೆಗಳಿಗೆ ಬೀಗ ಬೀಳುತ್ತಿತ್ತು. ಪುಣೆ, ಹೈದರಾಬಾದು, ಮುಂಬೈ ಎಂದು ಜನ ಹೊರಟರು. ನಮ್ಮ ಢೋಲಕ್ಕಿನವರು ಹೈದರಾಬಾದಿನ ಒಂದು ಅಪಾರ್ಟ್‌ಮೆಂಟಿಗೆ ಕಾವಲುಗಾರರಾಗಿ ಹೋದರು. ಹಾಡುವವರು ಒಬ್ಬೊಬ್ಬರಾಗಿ ಕರಗಿ, ಕೊನೆಗೆ ಉಳಿದವಳು ನಾನು, ದನಿಗೂಡಿಸಲು ಒಂದಿಬ್ಬರು. ತಾಳವೂ ಕೀಬೋರ್ಡಿನದೇ, ಕೊಳಲೂ ಕೀಬೋರ್ಡಿನದೇ. ಸರ್ ಇಲ್ಲವೆಂದರೆ ಪಾರ್ಟಿಯೇ ಇಲ್ಲ ಎಂಬಂತಾಯಿತು. ಇದು ಅವರಿಗೂ ಗೊತ್ತಿತ್ತು, ಸಿಟ್ಟು ಇನ್ನಷ್ಟು ಏರಿತು.

ವಿಚಿತ್ರವೆಂದರೆ ಆ ವರ್ಷಗಳಲ್ಲೇ ಕಾರ್ಯಕ್ರಮಕ್ಕೆ ಬೆಲೆ ಹೆಚ್ಚಿದ್ದು. ಮದುವೆಗೂ ಬಾರದವರು ಜಯಂತಿಗೆ ತಪ್ಪದೆ ಊರಿಗೆ ಬರುತ್ತಿದ್ದರು. ಎರಡು ದಿನ ಬೀಗ ತೆಗೆದು, ಅಂಗಳ ಸಾರಿಸಿ, ಬಿಳಿ ಬಟ್ಟೆ ತೊಟ್ಟು ಹಾಡು ಕೇಳಿ ಮತ್ತೆ ಪುಣೆಯ ಬಸ್ಸು ಹತ್ತುತ್ತಿದ್ದರು. ಅವರ ಪಾಲಿಗೆ ಇಡೀ ವರ್ಷದ ಊರು ಎಂದರೆ ಆ ಎರಡು ದಿನ.

ಔರಾದ ತಾಲೂಕಿನ ಒಂದು ಹಳ್ಳಿಗೆ ನಾವು ಮೊದಲ ಸಲ ಹೋದಾಗ ಸಮಿತಿಯ ಹಿರಿಯರು, ಎಲ್ಲರೂ ಕಾಕಾ ಎನ್ನುತ್ತಿದ್ದರು, ಬಂದವರೇ ಭೋಂಗಾಗಳನ್ನು ನೋಡಿದರು. ಭೋಂಗಾ ಎಂದರೆ ಬೇವಿನ ಮರಕ್ಕೆ ಕಟ್ಟುವ ಉದ್ದ ಬಾಯಿಯ ಲೌಡ್‌ಸ್ಪೀಕರು.

“ಆವಾಜ್ ಅಗಸಿ ದಾಟ್ಬೇಕ್ರಿ ಮಾಸ್ತರ್,” ಎಂದರು, ಊರ ಹೆಬ್ಬಾಗಿಲ ಕಡೆ ಕೈ ತೋರಿಸಿ. “ನಮ್ಮಪ್ಪ ಆ ಅಗಸಿ ಮುಂದ ಚಪ್ಪಲ್ ಕೈಯಾಗ ಹಿಡ್ಕೊಂಡ ಹೋಗ್ತಿದ್ದ. ವರ್ಷಕ್ಕ ಒಂದಿನ ನಮ್ಮ ಹಾಡ ಅಲ್ಲಿ ಜೋರಾಗಿ ಹೋಗ್ಲಿ. ಒಡದ್ರ ಒಡೀಲಿ.”

ಅದಕ್ಕೆ ಎದುರು ಹೇಳುವುದು ಸುಲಭವಲ್ಲ. ಸರ್ ಭೋಂಗಾವನ್ನೊಮ್ಮೆ, ಅಗಸಿಯನ್ನೊಮ್ಮೆ ನೋಡಿದರು.

“ಕಾಕಾ, ಅಗಸಿಗಿ ಗದ್ದಲ ಕಳಸೂದೋ, ಮಾತ ಕಳಸೂದೋ?”

“ಎರಡೂ ಕಳಸ್ರಿ,” ಎಂದರು ಕಾಕಾ, ಸಂತೆಯಲ್ಲಿ ಚೌಕಾಸಿ ಮಾಡುವವರ ಹಾಗೆ.

ವೇದಿಕೆಯ ಮೇಲಿದ್ದವರಿಗೆ ಭೋಂಗಾದ ದನಿ ತಿಳಿಯುವುದಿಲ್ಲ, ಅದು ಹೊರಗೆ ಮುಖ ಮಾಡಿರುತ್ತದೆ. ಅದಕ್ಕೆ ಸರ್ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಬಿಸಿಲು ಇಳಿಯುವ ಹೊತ್ತಿಗೆ ಕೀಬೋರ್ಡಿನ ತಾಳ ಹಚ್ಚಿಟ್ಟು, ಪಿಯಾನೋದ ನಾಲ್ಕು ಸ್ವರ ಒತ್ತುವುದನ್ನು ನನಗೆ ತೋರಿಸಿ, ಒತ್ತುತ್ತ ಹಾಡುತ್ತಿರಿ ಎಂದು ಹೇಳಿ, ತಾವು ಓಣಿಯ ಕಟ್ಟಕಡೆಯ ಮನೆಯವರೆಗೆ ನಡೆದುಹೋಗುತ್ತಿದ್ದರು. ಅಲ್ಲಿ ಕೈಕಟ್ಟಿ ನಿಂತು ಕೇಳಿ, ಅದೇ ಹೆಜ್ಜೆಯಲ್ಲಿ ಮರಳಿ ಬಂದು ಭಾಯಿಗೆ ಅಂಕ ಕೊಡುತ್ತಿದ್ದರು. “ನೂರಕ್ಕ ನಲವತ್ತು. ಪಿಯಾನೋ ಅಕ್ಷರ ತಿಂದು ಹಾಕ್ಲತ್ತದ. ಇಳಸು.” ಭಾಯಿ ಇಳಿಸಿದ ಮೇಲೆ ಮತ್ತೊಂದು ಸುತ್ತು. ಆ ದಿನ ನಾಲ್ಕೈದು ಸಲ ಓಡಾಡಿದರು. ನಾನು ಹಾಡಿದ್ದು ಒಂದೇ ಸಾಲು: ‘ಕೊಡ ಎತ್ತಿ ಹೇಳುವೆನು, ಕೆರೆಯ ನೀರು ನನದೂ ಹೌದು.’ ನಮ್ಮ ಪಾರ್ಟಿಯದೇ ಹಾಡು. ಕೊನೆಗೆ ಎಂಬತ್ತೈದು ಅಂಕ ಬಂತು. ಆ ಸಂಜೆ ಅಗಸಿಯ ಕಟ್ಟೆಯ ಮೇಲೆ ಕೂತಿದ್ದವರು ಹಾಡಿನ ಮಾತು ಹಿಡಿದು ಚರ್ಚೆ ಮಾಡುತ್ತಿದ್ದರು ಎಂದು ಕಾಕಾ ಮರುದಿನ ಬೆಳಿಗ್ಗೆ ಬಂದು ಹೇಳಿದರು. ಜೋರು ಸಾಲಲಿಲ್ಲ ಎಂದು ಸೇರಿಸುವುದನ್ನೂ ಮರೆಯಲಿಲ್ಲ.

ಎರಡು ವರ್ಷದ ಮೇಲೆ ಕೀಬೋರ್ಡಿನ ಮೇಲೆ ಎರಡನೆಯ ಚುಕ್ಕೆ ಕಾಣಿಸಿತು, ಮೊದಲಿನದಕ್ಕಿಂತ ಕೆಳಗೆ. ಸ್ವಲ್ಪ ದಿನಕ್ಕೆ ಮೂರನೆಯದು. ಪಿಯಾನೋ ಒಡೆಯುತ್ತಿದೆ ಎಂದು ಸರ್ ಪದೇ ಪದೇ ಹಾಡು ನಿಲ್ಲಿಸತೊಡಗಿದರು. ಮಿಕ್ಸರಿನ ಕೆಂಪು ದೀಪ ಹತ್ತಿರುತ್ತಿರಲಿಲ್ಲ. ನಮಗ್ಯಾರಿಗೂ ದನಿ ಒಡೆದದ್ದು ಕೇಳುತ್ತಿರಲಿಲ್ಲ.

“ಸರ್, ಛಂದ ಅದಲ್ರಿ,” ಎಂದರೆ, “ನಿಮ್ಮ ಕಿವ್ಯಾಗ ಹತ್ತಿ ಅದೇನು?” ಎಂದು ಸಿಡುಕುತ್ತಿದ್ದರು. ವೈರು ಬದಲಿಸಿದರು. ಪಿಯಾನೋದ ಬೇರೆ ಬೇರೆ ದನಿಗಳನ್ನು ಹಚ್ಚಿ ನೋಡಿದರು. ಕೊನೆಗೆ ಕೀಬೋರ್ಡನ್ನು ಚಾದರದಲ್ಲಿ ಸುತ್ತಿ ಹೈದರಾಬಾದಿಗೆ ರಿಪೇರಿಗೆ ಒಯ್ದರು. ಅಲ್ಲಿಯವರು ಒಂದು ವಾರ ಇಟ್ಟುಕೊಂಡು, ಇದಕ್ಕೇನೂ ಆಗಿಲ್ಲ ಎಂದು ವಾಪಸ್ ಕೊಟ್ಟರು.

ಅದಾದ ಮೇಲೆ ಒಂದು ದಿನ ಮಧ್ಯಾಹ್ನ ನನ್ನ ಕಚೇರಿಗೆ ಬಂದರು. ಬೀದರದಲ್ಲಿ ಕಿವಿಯ ಡಾಕ್ಟರರನ್ನು ಕಂಡು ಬಂದಿದ್ದರು. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಚಹಾ ಹೇಳಿದೆ. ಸಕ್ಕರೆ ಕಡಿಮೆಯಿತ್ತು. ಲೋಟ ಹಿಂದಕ್ಕೆ ಕಳಿಸಲಿಲ್ಲ. ಆಗಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು.

“ಕೀಬೋರ್ಡ್ ಸರಿ ಅದ ಬಾಯಿ. ರಿಪೇರಿಗಿ ನನ್ನ ಕಳಸ್ಬೇಕಿತ್ತು.”

ಎರಡೂ ಕಿವಿ ಹೋಗುತ್ತಿವೆ, ವರ್ಷಾನುಗಟ್ಟಲೆ ಜೋರು ಸದ್ದಿನ ನಡುವೆ ಕೂತದ್ದಕ್ಕೆ ಹೀಗಾಗಿರಬಹುದು, ಹೋದದ್ದು ವಾಪಸ್ ಬರುವುದಿಲ್ಲ ಎಂದಿದ್ದರಂತೆ ಡಾಕ್ಟರು. ಸ್ವರ ಒಡೆಯುತ್ತಿದ್ದದ್ದು ಕಿವಿಯ ಒಳಗೆ. ನನಗೆ ನಿಜಕ್ಕೂ ಸಂಕಟವಾಯಿತು. ಸಕ್ಕರೆ ಜಾಸ್ತಿ ಹಾಕಿಸಿ ಇನ್ನೊಂದು ಚಹಾ ಹೇಳಿದೆ.

“ಮಷಿನ್ ಹಾಕ್ಕೋರಿ ಅಂದಾರ. ಹಾಕ್ಕೊಂಡ ನೋಡ್ದೆ. ಮಾತಿಗಿ ನಡೀತದ. ಪಿಯಾನೋ ಬಾರಿಸಿದ್ರ ಮಷಿನೇ ಒಡೀಲತ್ತದ. ಅದ್ರಾಗೂ ಯಾರೂ ನಾಕ ಬೆರಳ ಜಾಗ ಬಿಟ್ಟಿಲ್ಲ ನೋಡ್ರಿ.” ಸ್ವಲ್ಪ ನಕ್ಕರು. ಆಮೇಲೆ ಲೋಟವನ್ನು ಮೇಜಿನ ಮೇಲೆ ಸರಿಸುತ್ತ, “ಯಾರಿಗೂ ಹೇಳಬ್ಯಾಡ್ರಿ. ಹೇಳಿದ್ರ ಯಾರೂ ಕರ್ಯಾಂಗಿಲ್ಲ. ಊರಿಗಿ ಬಂದ ಮಂದಿ ಸುಮ್ಮ ಕೂತು ಹೋಗ್ತಾರ. ಬ್ಯಾರೆ ಯಾರರ ಸಿಗೂತನಕ ನಾ ಬಾರಸ್ತೀನಿ,” ಎಂದರು.

ನಾನು ಯಾರಿಗೂ ಹೇಳಲಿಲ್ಲ. ಅವರು ಬಾರಿಸುತ್ತಲೇ ಹೋದರು. ಬೆರಳಿಗೆ ದಾರಿ ಗೊತ್ತಿತ್ತು. ಕಣ್ಣು ಕೆಂಪು ದೀಪದ ಮೇಲಿತ್ತು. ಪದ್ಧತಿಯಲ್ಲಿ ಮಾತ್ರ ಒಂದು ಬದಲಾವಣೆ ಮಾಡಿಕೊಂಡರು. ಕೊನೆಯ ಮನೆಯ ಮುಂದೆ ತಾವೇ ನಿಂತು ಕೇಳುವ ಬದಲು, ಆ ಮನೆಯವರನ್ನು ಕರೆದು, “ಈಗ ಏನ ಹಾಡಿದ್ರು, ಹೇಳು,” ಎಂದು ಕೇಳುವುದು. ಅವರು ಸಾಲನ್ನು ಪೂರ್ತಿ ಒಪ್ಪಿಸಿದರೆ ಎಂಬತ್ತೈದು ಅಂಕ. ತಡವರಿಸಿದರೆ ಭಾಯಿಗೆ ಕಷ್ಟ. ಭಾಯಿ ಇದನ್ನು ಮಾಸ್ತರಿಕೆಯ ಹುಚ್ಚು ಎಂದುಕೊಂಡಿದ್ದ. ನಾನೂ ಹಾಗೇ ಅಂದುಕೊಂಡಂತೆ ನಟಿಸುತ್ತಿದ್ದೆ. ಸರ್ ಅತ್ತ ತಿರುಗಿದ್ದೇ ಭಾಯಿ ಆಂಪ್ಲಿಫಯರನ್ನು ಸದ್ದಿಲ್ಲದೆ ಏರಿಸುತ್ತಾನೆಂಬುದು ಮಾತ್ರ ನನಗೆ ಆಗ ತಿಳಿದಿರಲಿಲ್ಲ. ಕೀಬೋರ್ಡ್ ಮೂರನೆಯ ಚುಕ್ಕೆಯಲ್ಲಿದ್ದರೆ ದನಿ ಅಗಸಿ ಮುಟ್ಟುವುದಿಲ್ಲ, ಕಾಕಾ ಬಿಡುವುದಿಲ್ಲ, ಅವನಾದರೂ ಏನು ಮಾಡಿಯಾನು?

ಔರಾದ ಕಡೆಯ ಆ ಹಳ್ಳಿಯ ಕೊನೆಯ ಮನೆಯಲ್ಲಿ ಒಬ್ಬಾಕೆ ಇದ್ದಳು. ಇದ್ದಳು ಎನ್ನುವುದೂ ತಪ್ಪು. ವರ್ಷವಿಡೀ ಗಂಡನ ಜೊತೆ ಪುಣೆಯಲ್ಲಿ ಕಟ್ಟಡದ ಕೆಲಸ, ಜಯಂತಿಗೆ ಎರಡು ದಿನ ಬಂದು ಬೀಗ ತೆಗೆಯುವವಳು. ಅವಳು ಸರ್‌ಗೆ ಅಚ್ಚುಮೆಚ್ಚಿನ ವಿದ್ಯಾರ್ಥಿನಿ. ಪ್ರತಿ ವರ್ಷ ಅಲ್ಲಿಂದ ಬರುವಾಗ ಸರ್ ಮುಖ ಅರಳಿರುತ್ತಿತ್ತು. “ಒಂದ ಅಕ್ಷರ ತಪ್ಪಂಗಿಲ್ಲ ಬಾಯಿ ಆಕೀ. ನನ್ನ ಸಾಲ್ಯಾಗ ಇಂಥಾ ಹುಡುಗ್ರಿಲ್ಲ.” ನನ್ನ ಹಾಡಿಗೆ ‘ನಡೀತದ’, ಅವಳ ಒಪ್ಪಿಸುವಿಕೆಗೆ ಇಷ್ಟು ದೊಡ್ಡ ಮಾತು. ಸ್ವಲ್ಪ ಹೊಟ್ಟೆಕಿಚ್ಚು ಪಟ್ಟದ್ದುಂಟು.

ಭಾಲ್ಕಿ ಹತ್ತಿರದ ಭಾತಂಬ್ರಾದ ಕಾರ್ಯಕ್ರಮದಲ್ಲಿ ಅವರು ಬಾರಿಸುವುದು ಮುಗಿಯಿತು. ಹಿಂದಿನ ಹಾಡಿಗೆಂದು ಶ್ರುತಿ ಏರಿಸುವ ಬಟನ್ ಒತ್ತಿದವರು ಅದನ್ನು ಮೊದಲಿನ ಜಾಗಕ್ಕೆ ತರಲು ಮರೆತರು. ನಾನು ಹಾಡು ಎತ್ತಿಕೊಂಡರೆ ಪಿಯಾನೋ ಬೇರೆ ಶ್ರುತಿಯಲ್ಲಿ, ಪಕ್ಕದ ಮನೆಯದೆಂಬಂತೆ ನುಡಿಯುತ್ತಿತ್ತು. ಕಿವಿ ಸರಿ ಇದ್ದವರಿಗೆ ಒಂದು ಕ್ಷಣ ಸಾಕು. ಅವರು ಕಣ್ಣು ಅರೆಮುಚ್ಚಿ ತೂಗುತ್ತ ಬಾರಿಸುತ್ತಲೇ ಇದ್ದರು. ನಾನು ಅವರ ಶ್ರುತಿಗೆ ಹೊಂದಿಕೊಳ್ಳಲು ನೋಡಿದೆ, ಗಂಟಲು ಮೇಲೆ ಹತ್ತಲಿಲ್ಲ. ಜನ ಚಪ್ಪಾಳೆಯಲ್ಲಿದ್ದರು, ಅವರಿಗೇನೂ ಅನ್ನಿಸಿದಂತೆ ಕಾಣಲಿಲ್ಲ. ಸರ್ ಕಣ್ಣು ತೆರೆದು ನನ್ನ ಮುಖ ನೋಡಿದರು. ನನ್ನ ಮುಖಕ್ಕೆ ಏನನ್ನೂ ಮುಚ್ಚಿಡುವ ವಿದ್ಯೆ ಬರುವುದಿಲ್ಲ. ಬಲಗೈ ಮೇಲೆದ್ದಿತು. ಈ ಸಲ ಹಾಡು ನಿಲ್ಲಿಸಲಿಕ್ಕಲ್ಲ, ಹಾಡುತ್ತಿರಿ ಎನ್ನಲಿಕ್ಕೆ. ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಬರೀ ತಾಳದ ಮೇಲೆ ನಾನು ಹಾಡು ಮುಗಿಸಿದೆ.

ಮರುದಿನ ಕೀಬೋರ್ಡನ್ನು ತಮ್ಮ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಒಪ್ಪಿಸಿದರು. ಭಾಲ್ಕಿಯಲ್ಲಿ ಮೊಬೈಲ್ ಅಂಗಡಿ ಇಟ್ಟವರು, ಹತ್ತೂ ಬೆರಳು ಒತ್ತುವ ಪೈಕಿ. ಪೆಡಲನ್ನು ಮಾತ್ರ ಕೊಡಲಿಲ್ಲ. ಸರ್ ಇನ್ನು ಮನೆಯಲ್ಲಿರುತ್ತಾರೆ ಎಂದುಕೊಂಡೆ. ಮುಂದಿನ ಜಯಂತಿಗೆ ಬಿಳಿ ಅಂಗಿ ತೊಟ್ಟು ಟೆಂಪೋದ ಹತ್ತಿರ ಎಲ್ಲರಿಗಿಂತ ಮೊದಲು ಬಂದು ನಿಂತಿದ್ದರು. ಬಾರಿಸುವುದಿಲ್ಲ, ಹಾಡುವುದಿಲ್ಲ. ಊರು ಮುಟ್ಟಿದ ಮೇಲೆ ಕೊನೆಯ ಮನೆಗೆ ನಡೆದುಹೋಗುವುದು, ಕೇಳಿ ಬರುವುದು, ಅಂಕ ಕೊಡುವುದು. ಅಷ್ಟೇ ಅವರ ಕೆಲಸ. ಪಾರ್ಟಿಯಲ್ಲಿ ಆ ಕೆಲಸಕ್ಕೆ ಹೆಸರಿರಲಿಲ್ಲ, ಕೊನೆಯವರೆಗೆ ಅದನ್ನು ಬಿಡಲಿಲ್ಲ.

ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಆ ವರ್ಷ ಮಳೆ ಚೆನ್ನಾಗಿತ್ತು. ಭಾಲ್ಕಿಗೆ ಹೋಗಿ ಬಂದೆ. ಬುದ್ಧವಂದನೆ ಮುಗಿದ ಮೇಲೆ ಅವರ ಹೆಂಡತಿ ಒಂದು ಶೀಶೆ ತಂದು ನನ್ನ ಕೈಗಿಟ್ಟರು. ಒಣಗಿದ ಉಗುರು ಬಣ್ಣ. “ಇದ ಯಾರದ ಅಂತ ಕೇಳಿ ಎಷ್ಟ ಸಲ ಜಗಳಾ ಮಾಡೀನಿ, ಖರೆ ಹೇಳ್ಲಿಕ್ಕೇ ಇಲ್ಲ,” ಎಂದರು. ನಾನು ಹೇಳಿದೆ. ಇಬ್ಬರೂ ಸ್ವಲ್ಪ ನಕ್ಕೆವು, ಸ್ವಲ್ಪ ಅತ್ತೆವು.

ಈ ಏಪ್ರಿಲ್‌ನಲ್ಲಿ ಅದೇ ಹಳ್ಳಿಗೆ ಹೋದೆವು. ಮೊಬೈಲ್ ಅಂಗಡಿಯವರು ಕೀಬೋರ್ಡನ್ನು ಪೂರಾ ಏರಿಸಿ ಬಾರಿಸುತ್ತಿದ್ದರು. ಭಾಯಿ ಸರಿ ಇದೆ ಅಂದ. ಕಾಕಾ ಭೇಷ್ ಅಂದರು. ವೇದಿಕೆಯ ಮೇಲೆ ನನಗೆ ಏನೂ ತಿಳಿಯಲಿಲ್ಲ. ದನಿಗೂಡಿಸುವಾಕೆಗೆ ಆ ಸಾಲು ಹಾಡುತ್ತಿರಲು ಹೇಳಿ ಕೆಳಗಿಳಿದೆ. ಕೊನೆಯ ಮನೆಯಾಕೆ ಅಂಗಳದಲ್ಲಿ ಪೂರಿ ಲಟ್ಟಿಸುತ್ತ ಕೂತಿದ್ದಳು. ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಇಣುಕಿ ನೋಡಿದಳು.

“ಈ ಸಲ ಸರ್ ಬರ್ಲಿಲ್ಲೇನ್ರಿ ಅಕ್ಕಾ?”

ಹೇಳಿದೆ. ಲಟ್ಟಣಿಗೆ ಪಕ್ಕಕ್ಕಿಟ್ಟಳು. “ಅಯ್ಯ, ಪುಣೇದಾಗ ನಮಗ ಯಾರ ಹೇಳ್ಬೇಕ್ರಿ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಾ ಈ ಸಲಾನೂ ಹಾಡ ನೆನಪ ಮಾಡ್ಕೊಂಡೇ ಕುಂತಿದ್ದೆ.”

“ನೆನಪ ಯಾಕ ಮಾಡ್ಕೋಬೇಕು? ಇಲ್ಲಿಗಿ ಕೇಳ್ಸಂಗಿಲ್ಲೇನು?”

“ಮೊದಲ್ನೇ ವರ್ಷ ಭಾಳ ಛಂದ ಕೇಳ್ಸಿತ್ರಿ. ಒಂದೊಂದ ಮಾತೂ. ಆವಾಗೇ ಕಲ್ತೆ. ಪುಣೇದಾಗ ಸ್ಲ್ಯಾಬ್ ಹಾಕುವಾಗ ನಾವ ಹೆಣ್ಮಕ್ಕಳೆಲ್ಲ ಅದನ್ನೇ ಹಾಡ್ತೀವಿ. ಹಾಡ ಹೇಳು ಅಂತ ಅವರು ಕೇಳ್ಲಿಕ್ಕ ಹತ್ತಿದ ವರ್ಷದಿಂದ ಬರೇ ಗರ್ ಗರ್ ಅಂತಿತ್ತು. ಒಂದ ಅಕ್ಷರ ತಿಳೀತಿರ್ಲಿಲ್ಲ. ಆದ್ರ ಹಾಡ ನನಗ ಬರ್ತಿತ್ತಲ್ರಿ, ಅವರ ಕೇಳಿದ್ರ ಪೂರಾ ಹೇಳ್ತಿದ್ದೆ.”

“ಒಡೀಲತ್ತದ ಅಂತ ಅವರಿಗಿ ಹೇಳ್ಬೇಕಿಲ್ಲೇನು?”

“ಹ್ಯಾಂಗ ಹೇಳ್ಲಿರಿ? ಅವರಿಗಿ ಕಿವಿ ಇಲ್ಲಂತ ಎರಡನೇ ಸಲಕ್ಕೇ ತಿಳೀತು. ಹಿಂದಿಂದ ಕರದೆ, ಹೊಳ್ಳಿ ನೋಡ್ಲಿಲ್ಲ. ನನ್ನ ಬಾಯೇ ನೋಡ್ಕೋತ ನಿಂತಿರ್ತಿದ್ರು. ತಪ್ಪದಂಗ ಹೇಳಿದ್ರ ಅವರ ಮುಖ ಹ್ಯಾಂಗ ಆಗ್ತಿತ್ತು, ನೀವು ನೋಡಿಲ್ರಿ.”

ನೋಡಿದ್ದೆ. ಮರಳಿ ಬರುವಾಗಿನ ಮುಖವನ್ನು ಪ್ರತಿ ವರ್ಷವೂ ನೋಡಿದ್ದೆ. ಬೇವಿನ ಮರದ ಕಡೆಯಿಂದ ಹಾಡು ಬರುತ್ತಿತ್ತು.

“ಈಗ ಹ್ಯಾಂಗ ಕೇಳ್ಸಲತ್ತದ?” ಎಂದೆ.

“ಒಡೀಲತ್ತದ್ರಿ. ಏನೂ ತಿಳೀವಲ್ದು,” ಎಂದಳು ತಟ್ಟನೆ. “ನಿಮಗ ಕಿವಿ ಅದಾವ, ನಿಮಗ್ಯಾಕ ಸುಳ್ಳ ಹೇಳ್ಲಿ?”

ವಾಪಸ್ ಬಂದು ಕೀಬೋರ್ಡಿನ ಗುಂಡಿಯನ್ನು ಮೊದಲನೆಯ ಚುಕ್ಕೆಗೆ, ಅವರ ಕಿವಿ ಸರಿ ಇದ್ದಾಗ ಇಟ್ಟ ಚುಕ್ಕೆಗೆ, ಇಳಿಸಿದೆ. ಭಾಯಿಯ ಆಂಪ್ಲಿಫಯರನ್ನೂ ನಾನೇ ಇಳಿಸಿದೆ. ಕಾಕಾ ಏನೋ ಅನ್ನಲು ಬಂದರು, ನನ್ನ ಮುಖ ನೋಡಿ ಹಿಂದೆ ಸರಿದರು. ಮತ್ತೆ ಕೊನೆಯ ಮನೆಯವರೆಗೆ ನಡೆದು, ಅವಳ ಪಕ್ಕದಲ್ಲಿ ನಿಂತು ಪೂರ್ತಿ ಸಾಲು ಕೇಳಿ ಬಂದೆ.

“ಎಷ್ಟ ಅಂಕ ಮೇಡಂ?” ಎಂದ ಭಾಯಿ.

“ನಡೀತದ,” ಎಂದೆ.